ಹನ್ನೊಂದು ದಿನ ಮಾತಿಲ್ಲ

ಗುರುವಾರ ಬೆಳಿಗ್ಗೆ ಹೆಡ್ಲಿ ಸ್ಟಾಂಪ್ ಬಂದ,
ದಿಂಬಿನ ಚೀಲದ ತುಂಬ ತನ್ನವೇ ಬಟ್ಟೆ.
ಮದುವೆಯಾದ ಮೇಲೆ ಇದೇ ಮೊದಲು.
ಸೋಪಿನ ಪುಡಿ ಎಲ್ಲಿ ಸುರಿಯಬೇಕೆಂದು ತಿಳಿಯದೆ
ಹಸು ಕೊಳ್ಳಲು ಬಂದವನ ಹಾಗೆ
ಯಂತ್ರವನ್ನು ಒಂದು ಸುತ್ತು ಬಂದ.

ಥೆಲ್ಮಾಗೆ ಮೈ ಸರಿಯಿಲ್ಲವೆ, ಅಂದೆ.
ಮೈ ಸರಿಯಿದೆ, ಬಾಯಿ ಮುಚ್ಚಿದೆ,
ಇವತ್ತಿಗೆ ಹನ್ನೊಂದು ದಿನ, ಅಂದ.

ಗ್ರಿಮ್ಸ್‌ಬಿಯ ಈ ಬೀದಿಯಲ್ಲಿ ನನ್ನದು ಆರು ಯಂತ್ರದ ಲಾಂಡ್ರಿ.
ಬಟ್ಟೆ ತಿರುಗುವ ಮುಕ್ಕಾಲು ಗಂಟೆ
ಸುಮ್ಮನೆ ಕೂರುವವರನ್ನು ನಾನು ಕಂಡಿಲ್ಲ.
ಕೇಳಿ ಕೇಳಿ ಗೊತ್ತಾಗಿದೆ:
ಹುರುಳಿಲ್ಲದ ಮಾತುಗಳನ್ನೂ
ಎಲ್ಲ ಒಂದೇ ನೀರಿಗೆ ಹಾಕುವಂತಿಲ್ಲ.

ನ್ಯಾಟರ್ ಅಂದರೆ ಉಣ್ಣೆ. ಮೆತ್ತಗೆ, ಬೆಚ್ಚಗೆ,
ಇಬ್ಬರು ಹೆಂಗಸರು, ಒಂದು ಬೆಂಚು, ಯಾರದೋ ಸೊಸೆ.
ವಾಫಲ್ ಬೇರೆ. ಅದು ಹೌಸಿಂಗ್ ಆಫೀಸಿನ ಹುಡುಗ;
ಬಾಯ್ಲರ್ ರಿಪೇರಿ ಯಾವಾಗಪ್ಪಾ ಅಂದರೆ
ಇಪ್ಪತ್ತು ನಿಮಿಷ ತೌಡು ಕುಟ್ಟಿ
ತಾರೀಖು ಹೇಳದೆ ಫೋನಿಡುತ್ತಾನೆ.
ಕ್ಲಾಪ್‌ಟ್ರಾಪ್ ಚುನಾವಣೆಗೆ ಬರುವ ಸರಕು,
ಚಪ್ಪಾಳೆ ಹಿಡಿಯಲೆಂದೇ ಒಡ್ಡಿದ ಬೋನು.
ಮೀನು ಮತ್ತೆ ಬರುತ್ತದೆ ಅಂದರು, ಬೋನು ತುಂಬಿತು,
ಮೀನು ಬರಲಿಲ್ಲ.
ಹಾಗ್‌ವಾಶ್ ಅಂದರೆ ಹಂದಿಯ ಕಲಗಚ್ಚು,
ಅಂದಮೇಲೆ ಹಂದಿ ಹೇಳಿದವನೋ ಕೇಳಿದವನೋ
ಎಂದು ಕೊನೆಗೂ ಇತ್ಯರ್ಥವಾಗದು.
ಟಾಶ್ ಅನ್ನಲು ಕೊಂಚ ದುಬಾರಿ ಶಾಲೆ ಬೇಕು.
ಪಿಫಲ್ ಅನ್ನಲು ಹಲ್ಲಿನ ಸೆಟ್ಟು ಗಟ್ಟಿ ಕೂತಿರಬೇಕು.
ಐಸ್ ಫ್ಯಾಕ್ಟರಿಯ ಫರ್ಕರ್, ಪೀಟರ್‌ಹೆಡ್ ಕಡೆಯವನು,
ಅವನದು ಬ್ಲೆದರ್; ತೀರಿಹೋದ ಅಕ್ಕನನ್ನೂ ಹಾಗೇ ಕರೆಯುತ್ತಿದ್ದ,
ಎಂಥಾ ಬ್ಲೆದರ್ ಗೊತ್ತಾ ಅವಳು, ಅಂದು
ಮೂಗು ಒರೆಸಿಕೊಳ್ಳುತ್ತಿದ್ದ.
ಇನ್ನೊಂದಿದೆ, ಎಲ್ಲರ ಬಾಯಲ್ಲೂ ಇದೆ.
ಅದಕ್ಕೆ ಬಾಗಿಲಲ್ಲಿ ಬೋರ್ಡು ಹಾಕಿದ್ದೇನೆ,
ಮಕ್ಕಳು ಬರುವ ಜಾಗ.

ನೀನೇನಂದೆ ಅವಳಿಗೆ, ಕೇಳಿದೆ.
ಯಂತ್ರದ ಗಾಜಿನೊಳಗೆ ಅವನ ಅಂಗಿಯ ತೋಳು
ಏನೋ ಹೇಳಲೆಂಬಂತೆ ಮೇಲೆದ್ದು ಮತ್ತೆ ಮುಳುಗಿತು.

ಬಸ್ಸಿನಲ್ಲಿ ಕಂಡ ಹೆಂಗಸಿನ ಟೋಪಿಯ ಕತೆಯಂತೆ.
ಟೋಪಿಯಿಂದ ಟೋಪಿಯಂಗಡಿಗೆ,
ಅಂಗಡಿಯಿಂದ ಮಾಲೀಕನ ಎರಡನೇ ಮದುವೆಗೆ.
ಟಿವಿಯಲ್ಲಿ ಕಡೇ ಐದು ನಿಮಿಷದ ಆಟ.
"ಡ್ರಿವೆಲ್ ಅಂದೆ, ಅಷ್ಟೇ.
ಎಲ್ಲಾ ಒಂದೇ ಅಲ್ಲವೆ? ಹೋದ ತಿಂಗಳು
ಟ್ರೈಪ್ ಅಂದಿದ್ದೆ, ನಕ್ಕಿದ್ದಳು."

ಹೊದಿಕೆ ಮಡಿಸುತ್ತಿದ್ದೆ. ಒಂದು ತುದಿ ಅವನ ಕೈಗೆ ಕೊಟ್ಟೆ.

ಟ್ರೈಪ್ ಅಂದರೆ ದನದ ಹೊಟ್ಟೆ, ಹೆಡ್ಲಿ,
ಈರುಳ್ಳಿ ಹಾಕಿ ಬೇಯಿಸಿ ತಿನ್ನಬಹುದು.
ಡ್ರಿವೆಲ್ ಅಂದರೆ ಜೊಲ್ಲು,
ತುಟಿಯಂಚಿಂದ ತಾನಾಗಿ ಇಳಿಯುವುದು.
ಹೋದ ಚಳಿಗಾಲ, ನಿನಗೆ ರಾತ್ರಿ ಪಾಳಿ,
ವಾರಕ್ಕೆ ಎರಡು ಸಲ ಥೆಲ್ಮಾ ಇಲ್ಲಿಗೆ ತರುತ್ತಿದ್ದಳು
ಅವಳಮ್ಮನ ಕೊರಳಿಗೆ ಕಟ್ಟುವ ಬಟ್ಟೆಗಳನ್ನ.
ಹದಿನಾಲ್ಕು. ನಾನು ಎಣಿಸುತ್ತಿದ್ದೆ, ಅವಳು ಎಣಿಸುತ್ತಿರಲಿಲ್ಲ.
ಆ ಮುದುಕಿಗೆ ಕೊನೆಗೆ ಉಳಿದದ್ದು ಅರ್ಧ ಬಾಯಿ,
ಆ ಅರ್ಧದಲ್ಲೇ ದಿನವಿಡೀ ಏನೋ ಹೇಳುತ್ತಿದ್ದಳಂತೆ,
ಇವಳು ಒರೆಸುತ್ತ ಹೂಂ, ಆಮೇಲೆ? ಅನ್ನುತ್ತಿದ್ದಳಂತೆ.

ಹೊದಿಕೆಯ ಅವನ ತುದಿ ನೆಲ ಮುಟ್ಟಿತು.
ಒಣಗಿಸಲೂ ನಿಲ್ಲದೆ, ಒದ್ದೆ ಬಟ್ಟೆಯನ್ನೇ ಹೆಗಲಿಗೇರಿಸಿ ನಡೆದ.
ಬಿಟ್ಟುಹೋದ ಚಿಲ್ಲರೆ ಡಬ್ಬಿಯಲ್ಲಿದೆ.

ಶನಿವಾರ ಥೆಲ್ಮಾ. ಮೊದಲು ಬೈಗುಳ ನನಗೆ:
ಆ ಪುಣ್ಯಾತ್ಮ ಕೆಂಪು ಕಾಲುಚೀಲ ಸೇರಿಸಿ ಒಗೆದಾಗ
ನಿನ್ನ ಕಣ್ಣೆಲ್ಲಿತ್ತು, ಬನಿಯನ್ನೆಲ್ಲಾ ಗುಲಾಬಿ.
ಆಮೇಲೆ, ಬೆಂಚಿಗೆ ಕೂತು, ತಗ್ಗಿದ ದನಿಯಲ್ಲಿ:
"ನಿನ್ನೆ ಬಂದು ಕೇಳಿದ,
ಆ ಟೋಪಿಯವಳದ್ದು ಆಮೇಲೇನಾಯಿತು ಅಂತ."
ಹೇಳಿದೆಯಾ?
"ಇನ್ನೆರಡು ದಿನ ಕಾಯಲಿ."

ನನಗೆ ಹೇಳಿದಳು, ಪೂರ್ತಿ.
ತಲೆಯಿಲ್ಲ, ಬುಡವಿಲ್ಲ, ಮಾಲೀಕನಿಗೆ ಮೂರನೇ ಮದುವೆಯೂ ಆಗಿದೆ.
ಯಂತ್ರ ಯಾವಾಗಲೋ ನಿಂತಿತ್ತು.